ಯಾರೂ ರಾಕ್ಷಸರಲ್ಲದ ಮನೆ

ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯ ಉಡಿಗಾಲದಲ್ಲಿ ಒಂದು ರಾತ್ರಿ 'ಕುರುಕ್ಷೇತ್ರ' ನಾಟಕವನ್ನು ನೋಡುವ ಅವಕಾಶ ನನಗೆ ಒದಗಿತು. ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಇಂಥ ನಾಟಕಗಳು ಹೇಗೆ ನಡೆಯುತ್ತವೆಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ತಿಂಗಳುಗಟ್ಟಲೆ ಹಾಡು, ಮಾತು ಕಲಿಸುತ್ತಾರೆ. ಪಾತ್ರಧಾರಿಗಳೇ ಕೈಯಿಂದ ಹಣ ಹಾಕಿ ಸೀನರಿ, ಡ್ರೆಸ್ಸುಗಳನ್ನು ತರಿಸುತ್ತಾರೆ. ದುರ್ಯೋಧನನೋ ಕೃಷ್ಣನೋ ಆಗಬೇಕೆಂದರೆ ಸೈನಿಕನಾಗುವವನಿಗಿಂತ ಹೆಚ್ಚು ಹಣ ತೆರಬೇಕು. ರಾತ್ರಿ ಹತ್ತಕ್ಕೆ ಆರಂಭವಾದದ್ದು ಬೆಳಗಿನ ಕೋಳಿ ಕೂಗುವವರೆಗೂ ಸಾಗುತ್ತದೆ.

ಅಂದಿನ ದುರ್ಯೋಧನನ ತಂದೆ ನನ್ನ ಪಕ್ಕದಲ್ಲಿಯೇ ಕುಳಿತಿದ್ದರು. ಅರವತ್ತು ದಾಟಿದ ರೈತರು. ಮಗ ರಂಗದ ಮೇಲೆ ಗದೆಯನ್ನು ಹೊತ್ತು ಬಂದಾಗ ಊರೆಲ್ಲ ಶಿಳ್ಳೆ ಹಾಕಿತು. ಅವರು ಮಾತ್ರ ಹೆಗಲ ಮೇಲಿನ ಟವೆಲ್ಲನ್ನು ಸರಿಪಡಿಸಿಕೊಂಡರು. ನಡುವೆ ಒಮ್ಮೆ ನನ್ನತ್ತ ಬಾಗಿ ಹೇಳಿದರು: "ನಾವು ಮಳೆ ನೋಡ್ಕಂಡು ಬಾಳಿದ್ದೇ ಸಾಕು, ನೀನಾರ ನೆರಳಲ್ಲಿ ಕೂತು ಉಣ್ಣು ಅಂತ ಓದಿಸ್ದೆ ಸ್ವಾಮಿ. ಈಗ ಬೆಂಗಳೂರು ಬುಟ್ಟು ಬಂದು ಅರಿಸಿನ ಹಾಕ್ತೀನಿ, ಬೋರು ಕೊರಸ್ತೀನಿ ಅಂತಾನೆ." ಈ ವಿಷಯವನ್ನು ಮಗನೊಡನೆ ಕುಳಿತು ಮಾತನಾಡಿದ್ದೀರಾ ಎಂದು ಕೇಳಿದೆ. "ಅವರವ್ವನ ಕೈಲಿ ಹೇಳಿಸಿವ್ನಿ" ಎಂದರು. ಅಷ್ಟರಲ್ಲಿ ಧೃತರಾಷ್ಟ್ರನ ದೃಶ್ಯ ಆರಂಭವಾಯಿತು. ಮಾತು ಅಲ್ಲಿಗೇ ನಿಂತಿತು.

ಆ ದೃಶ್ಯವನ್ನು ನಾನು ಅನೇಕ ಬಾರಿ ನೋಡಿದ್ದೇನೆ. ಆದರೆ ಅಂದು ಅದು ಬೇರೊಂದು ಅರ್ಥವನ್ನು ಹೇಳತೊಡಗಿತು. ಧೃತರಾಷ್ಟ್ರ ಹಿರಿಯನಾಗಿ ಹುಟ್ಟಿಯೂ ಕುರುಡನೆಂಬ ಕಾರಣಕ್ಕೆ ಪಟ್ಟದಿಂದ ವಂಚಿತನಾದವನು. ಆ ನೋವನ್ನು ಅವನು ಬಾಯಿಬಿಟ್ಟು ಆಡಲಾರ. ಆದರೆ ತಂದೆ ನುಂಗಿಕೊಂಡದ್ದನ್ನು ಮಗ ಕೂಗಿ ಹೇಳುತ್ತಾನೆ. ದುರ್ಯೋಧನನ ಛಲವೆಂದು ನಾವು ಕರೆಯುವುದರಲ್ಲಿ ಅರ್ಧದಷ್ಟು ಅವನ ತಂದೆಯ ತೀರದ ಬಯಕೆಯೇ ಅಲ್ಲವೇ? ಆದರೂ ಶಿಕ್ಷೆಯಾಗುವುದು ಮಗನ ತೊಡೆಗೆ. ಕನಿಕರ ಸಲ್ಲುವುದು ಮುದುಕ ತಂದೆಗೆ.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತೇನೆ. ತಂದೆ-ಮಕ್ಕಳ ಕಲಹವನ್ನು ನಮ್ಮ ನಾಟಕ, ಸಿನಿಮಾಗಳು ನೂರಾರು ಬಾರಿ ಹೇಳಿವೆ. ನಾವು ಅತ್ತಿದ್ದೇವೆ, ಕಣ್ಣೊರೆಸಿಕೊಂಡು ಮನೆಗೆ ಬಂದಿದ್ದೇವೆ. ಆದರೂ ಮನೆಯೊಳಗಿನ ಮೌನ ಹಾಗೆಯೇ ಉಳಿದಿದೆ. ಏಕೆ? ನಾವು ನೋಡಿದ ಕಥೆಗೂ ನಾವು ಬಾಳುತ್ತಿರುವ ಕಥೆಗೂ ಎಲ್ಲಿಯೋ ಒಂದು ಅಂತರವಿದೆ ಎಂಬುದು ನನ್ನ ಅನಿಸಿಕೆ. ಅದು ಯಾವುದೆಂದು ಕೆಲವು ಕೃತಿಗಳ ಮೂಲಕ ನೋಡೋಣ.

ನಮ್ಮ ರಂಗಭೂಮಿಗೆ ತಂದೆ-ಮಗನ ಕಥೆ ಹೇಳಲು ಹಳೆಯ ಅಚ್ಚುಗಳು ಮೂರಿವೆ. ಮೊದಲನೆಯದು ಪ್ರಹ್ಲಾದನ ಅಚ್ಚು. ಇಲ್ಲಿ ಮಗ ಭಕ್ತ, ತಂದೆ ರಾಕ್ಷಸ. 1983ರಲ್ಲಿ ತೆರೆಕಂಡ 'ಭಕ್ತ ಪ್ರಹ್ಲಾದ' ಚಿತ್ರವನ್ನು ನೆನಪಿಸಿಕೊಳ್ಳಿ. ಹಿರಣ್ಯಕಶಿಪುವಾಗಿ ಡಾ. ರಾಜ್‌ಕುಮಾರ್, ಪ್ರಹ್ಲಾದನಾಗಿ ಅವರ ಕಿರಿಯ ಮಗ ಪುನೀತ್. ರಾಜ್‌ಕುಮಾರ್ ಅವರ ತಂದೆ, ನಮ್ಮ ಜಿಲ್ಲೆಯದೇ ಆದ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದರು. ಬಾಲಕ ಮುತ್ತುರಾಜ ತಂದೆಯ ಕೈಹಿಡಿದೇ ರಂಗವನ್ನು ಏರಿದವರು. ಹೀಗೆ ತಂದೆಯ ವೃತ್ತಿಯನ್ನೇ ಮಕ್ಕಳು ಹಿಡಿದ ಒಂದು ಮನೆತನ, ತಂದೆಯನ್ನು ಎದುರಿಸುವ ಮಗನ ಕಥೆಯನ್ನು ನಮಗೆ ಆಡಿ ತೋರಿಸಿತು. ನಟನೆಯ ದೃಷ್ಟಿಯಿಂದ ಅದು ಮರೆಯಲಾಗದ ಚಿತ್ರ. ಆದರೆ ಆ ಕಥೆಯ ತರ್ಕವನ್ನು ಗಮನಿಸಿ. ಮಗ ತಂದೆಯ ಮಾತನ್ನು ಮೀರಬಹುದು, ಆದರೆ ತಂದೆ ರಾಕ್ಷಸನಾಗಿದ್ದರೆ ಮಾತ್ರ. ಮೀರಿದ ಮಗ ನಿರಪರಾಧಿಯಾಗಬೇಕಾದರೆ ತಂದೆ ಪೂರ್ತಿಯಾಗಿ ಕೆಟ್ಟವನಾಗಲೇಬೇಕು.

ಎರಡನೆಯ ಅಚ್ಚು ಇದರ ತಿರುವುಮುರುವು. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ಚಿತ್ರದಲ್ಲಿ ಜೀವನವಿಡೀ ದುಡಿದ ಉಪಾಧ್ಯಾಯರನ್ನೂ ಅವರ ಪತ್ನಿಯನ್ನೂ ಹೊಟ್ಟೆಯ ಮಕ್ಕಳೇ ಕಡೆಗಣಿಸುತ್ತಾರೆ. ಹಳೆಯ ಶಿಷ್ಯನೊಬ್ಬ ಆಸರೆಯಾಗುತ್ತಾನೆ. ಇಲ್ಲಿ ತಂದೆ ಸಂತ, ಮಕ್ಕಳು ಕೃತಘ್ನರು. 1972ರ 'ಬಂಗಾರದ ಮನುಷ್ಯ' ಚಿತ್ರದ ರಾಜೀವ ತಂದೆಯಲ್ಲದಿದ್ದರೂ ತಂದೆಯ ಸ್ಥಾನದಲ್ಲಿ ನಿಂತವನು. ವಿಧವೆ ಅಕ್ಕನ ಮಕ್ಕಳನ್ನು ಸಾಕಿ, ಬಂಜರು ನೆಲವನ್ನು ಹಸನು ಮಾಡಿ, ಕೊನೆಗೆ ಅಕ್ಕನ ಮಗನ ಸಂಶಯದ ಮಾತಿಗೆ ನೊಂದು ಉಟ್ಟ ಬಟ್ಟೆಯಲ್ಲೇ ಮನೆಬಿಟ್ಟು ಹೋಗುತ್ತಾನೆ. ಆ ಚಿತ್ರವನ್ನು ನೋಡಿ ಪಟ್ಟಣದ ಓದಿದ ಯುವಕರು ಹಳ್ಳಿಗೆ ಮರಳಿದರೆಂಬ ಮಾತು ನಾಡಿನಲ್ಲಿ ಇಂದಿಗೂ ಇದೆ. ಆದರೆ ಅದರ ಕೊನೆಯ ದೃಶ್ಯ ಮನೆಯ ಹಿರಿಯರಿಗೆ ಕಲಿಸಿದ್ದೇನು? ನೊಂದಾಗ ಮಾತನಾಡಬೇಡ, ಎದ್ದು ಹೋಗು. ನೀನು ಹೋದ ಮೇಲೆ ಅವರಿಗೆ ನಿನ್ನ ಬೆಲೆ ತಿಳಿಯುತ್ತದೆ! ಈ ಪಾಠವನ್ನು ನಮ್ಮ ಎಷ್ಟೋ ತಂದೆಯರು ಚೆನ್ನಾಗಿ ಕಲಿತಿದ್ದಾರೆ. ಅವರು ಊರು ಬಿಟ್ಟು ಹೋಗುವುದಿಲ್ಲ; ಜಗಲಿಯ ಮೇಲೆ ಕುಳಿತುಕೊಂಡೇ ಮನೆಬಿಟ್ಟು ಹೋಗಿರುತ್ತಾರೆ.

ಮೂರನೆಯದು ಭೀಷ್ಮನ ಅಚ್ಚು. ತಂದೆ ಶಂತನುವಿನ ಬಯಕೆ ತೀರಲೆಂದು ದೇವವ್ರತ ರಾಜ್ಯವನ್ನೂ ಮದುವೆಯನ್ನೂ ಬಿಟ್ಟುಕೊಡುತ್ತಾನೆ. ಪುಷ್ಪವೃಷ್ಟಿಯಾಗುತ್ತದೆ, ನಾವು ಕೈಮುಗಿಯುತ್ತೇವೆ. ಆದರೆ ಆ ಒಂದು ತ್ಯಾಗದ ಸಾಲವನ್ನು ಮುಂದಿನ ತಲೆಮಾರುಗಳು ರಕ್ತದಲ್ಲಿ ತೀರಿಸಿದವೆಂಬುದನ್ನೂ ವ್ಯಾಸರು ಬರೆದಿದ್ದಾರೆ. ನಾವು ಮೊದಲಿನ ಪುಟವನ್ನು ಓದುತ್ತೇವೆ, ಕೊನೆಯದನ್ನು ಓದುವುದಿಲ್ಲ.

ರಾಕ್ಷಸ ತಂದೆ, ಕೃತಘ್ನ ಮಗ, ತ್ಯಾಗಿ ಮಗ. ಈ ಮೂವರಲ್ಲಿ ಯಾರು ನಿಮ್ಮ ಮನೆಯಲ್ಲಿದ್ದಾರೆ, ಹೇಳಿ. ಉಡಿಗಾಲದ ಆ ರೈತರು ರಾಕ್ಷಸರಲ್ಲ. ಮಗನಿಗೆ ತನ್ನ ಪಾಡು ಬರಬಾರದೆಂದು ಬಯಸಿದವರು. ಅವರ ಮಗ ಕೃತಘ್ನನಲ್ಲ. ತಂದೆ ಬೆವರು ಸುರಿಸಿದ ನೆಲವನ್ನೇ ಪ್ರೀತಿಸಿದವನು. ತಂದೆಯ ಬಯಕೆಯೂ ಒಳ್ಳೆಯದು, ಮಗನ ಬಯಕೆಯೂ ಒಳ್ಳೆಯದು. ಎರಡೂ ಒಂದೇ ಬಾಗಿಲಲ್ಲಿ ಎದುರುಬದುರಾಗಿ ನಿಂತಿವೆ. ನಮ್ಮ ಬಹುಪಾಲು ಮನೆಗಳ ಕಲಹ ಒಳಿತಿಗೂ ಕೆಡುಕಿಗೂ ನಡುವಣದ್ದಲ್ಲ, ಎರಡು ಒಳಿತುಗಳ ನಡುವಣದ್ದು. ಇಂಥ ಕಲಹವನ್ನು ಹೇಳಲು ನಮ್ಮ ಜನಪ್ರಿಯ ರಂಗಕ್ಕೆ ಬಾಯಿಯಿಲ್ಲ. ಅದಕ್ಕೆ ಒಬ್ಬ ಖಳನಾಯಕ ಬೇಕೇ ಬೇಕು. ಆ ನಾಟಕವನ್ನು ನೋಡಿ ಮನೆಗೆ ಬಂದ ನಾವೂ ಮನೆಯೊಳಗೆ ಖಳನಾಯಕನನ್ನು ಹುಡುಕತೊಡಗುತ್ತೇವೆ. ತಂದೆಯ ಕಣ್ಣಿಗೆ ಮಗ 'ಸ್ಕೂಲ್ ಮಾಸ್ಟರ್' ಚಿತ್ರದ ಮಗನಂತೆ ಕಾಣುತ್ತಾನೆ; ಮಗನ ಕಣ್ಣಿಗೆ ತಂದೆ ಹಿರಣ್ಯಕಶಿಪುವಿನಂತೆ ಕಾಣುತ್ತಾರೆ.

ಈ ಅಚ್ಚುಗಳನ್ನು ಮುರಿಯಲು ಯತ್ನಿಸಿದವರು ನಮ್ಮಲ್ಲಿ ಇಲ್ಲವೆಂದಲ್ಲ. ಟಿ.ಪಿ. ಕೈಲಾಸಂ ಅವರು 1918ರಲ್ಲಿಯೇ 'ಟೊಳ್ಳು ಗಟ್ಟಿ' ನಾಟಕದಲ್ಲಿ ತಂದೆಯ ತೀರ್ಪನ್ನೇ ಕಟಕಟೆಗೆ ತಂದರು. ಪರೀಕ್ಷೆಯಲ್ಲಿ ಗೆಲ್ಲುವ ಪುಟ್ಟು ತಂದೆಯ ಹೆಮ್ಮೆ. ಮನೆಗೆಲಸಕ್ಕೆ ಹೆಗಲು ಕೊಡುವ ಮಾಧು ಅವರ ಪಾಲಿಗೆ ದಂಡಪಿಂಡ. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ಅಂಕಪಟ್ಟಿಯಿಂದ ಮಕ್ಕಳನ್ನು ಅಳೆಯುವ ನಮ್ಮ ಚಾಳಿಯನ್ನು ನೂರು ವರ್ಷಗಳ ಹಿಂದೆಯೇ ಗುರುತಿಸಿದ ಕೃತಿಯಿದು. ಇಂದಿಗೂ ಪ್ರತಿಯೊಂದು ಧರ್ಮಕೇಂದ್ರದ ಯುವಕರು ಆಡಬೇಕಾದದ್ದು. ಆದರೂ ಅದರಲ್ಲೊಂದು ಕೊರತೆಯಿದೆ. ತಂದೆಯ ಕಣ್ಣು ತೆರೆಸಲು ನಾಟಕಕಾರರಿಗೆ ಬೆಂಕಿ ಬೇಕಾಯಿತು. ನಮ್ಮ ಮನೆಗಳಿಗೆ ಬೆಂಕಿ ಬೀಳುವುದಿಲ್ಲ. ಅಲ್ಲಿ ಕಣ್ಣು ತೆರೆಯುವ ಕ್ಷಣವನ್ನು ಯಾರೂ ತಂದುಕೊಡುವುದಿಲ್ಲ, ನಾವೇ ತೆರೆಯಬೇಕು.

ಈ ನಿಟ್ಟಿನಲ್ಲಿ ಕನ್ನಡದಲ್ಲಿ ಅತ್ಯಂತ ಮುಂದೆ ಹೋದ ಕೃತಿ, ನನ್ನ ಮಟ್ಟಿಗೆ, 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ 'ಯಯಾತಿ'. ಅದನ್ನು ಬರೆದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೊರಟು ನಿಂತಿದ್ದರು. ಸಮುದ್ರ ದಾಟಿದ ಮಗ ಮರಳಿ ಬರುವನೋ ಇಲ್ಲವೋ ಎಂಬ ಕಳವಳ ಮನೆಯವರದು. ತನ್ನ ಭವಿಷ್ಯವನ್ನು ಹಿರಿಯರಿಗಾಗಿ ಬಿಟ್ಟುಕೊಡಬೇಕೇ ಎಂಬ ಒಳಗುದಿಯಲ್ಲಿ ಈ ನಾಟಕ ಹುಟ್ಟಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ವಿಮಾನವೋ ಹಡಗೋ ಏರಲು ಹೊರಟ ಮಗನಿರುವ ಪ್ರತಿ ಮನೆಗೂ ಈ ಗುದಿ ಪರಿಚಿತವೇ.

ಮಹಾಭಾರತದ ಕಥೆ ನಿಮಗೆ ಗೊತ್ತಿದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪನ್ನು ಪಡೆದ ಯಯಾತಿ, ತನ್ನ ಮುಪ್ಪನ್ನು ತೆಗೆದುಕೊಂಡು ಯೌವನವನ್ನು ಕೊಡಿರೆಂದು ಮಕ್ಕಳನ್ನು ಬೇಡುತ್ತಾನೆ. ಹಿರಿಯರೆಲ್ಲರೂ ನಿರಾಕರಿಸುತ್ತಾರೆ, ಕಿರಿಯವನಾದ ಪೂರು ಒಪ್ಪುತ್ತಾನೆ. ಸಾವಿರ ವರ್ಷ ಸುಖಪಟ್ಟ ತಂದೆ ಯೌವನವನ್ನು ಹಿಂದಿರುಗಿಸಿ, ಮಗನಿಗೆ ರಾಜ್ಯವನ್ನು ಕೊಡುತ್ತಾನೆ. ಎಲ್ಲವೂ ಸುಖಾಂತ. ಕಾರ್ನಾಡರು ಈ ಕಥೆಯೊಳಗೆ ಮೂಲದಲ್ಲಿಲ್ಲದ ಒಂದು ಪಾತ್ರವನ್ನು ತಂದರು. ಅವಳು ಚಿತ್ರಲೇಖೆ, ಪೂರುವಿನ ನವವಧು. ಮದುವೆಯಾಗಿ ಅರಮನೆಗೆ ಬಂದವಳ ಮುಂದೆ ಮುದುಕನಾದ ಗಂಡ ನಿಂತಿದ್ದಾನೆ. ತಂದೆ-ಮಗ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು. ಅವಳನ್ನು ಯಾರೂ ಕೇಳಲಿಲ್ಲ. ಅವಳು ಮಾವನನ್ನು ಎದುರಿಸಿ, ನನ್ನ ಗಂಡನ ಯೌವನ ನಿಮ್ಮಲ್ಲಿರುವಾಗ ನನ್ನ ಪಾಲಿನ ಬಾಳೂ ನಿಮ್ಮಲ್ಲಿಯೇ ಇದೆಯಲ್ಲವೇ ಎಂಬ ನಿಷ್ಠುರ ತರ್ಕವನ್ನು ಮುಂದಿಡುತ್ತಾಳೆ. ಯಯಾತಿಗೆ ಉತ್ತರವಿಲ್ಲ. ಆಕೆ ವಿಷ ಕುಡಿದು ಸಾಯುತ್ತಾಳೆ. ಆಮೇಲೆ ತಂದೆ ತನ್ನ ಮುಪ್ಪನ್ನು ಮರಳಿ ಪಡೆದು ಕಾಡಿಗೆ ಹೋಗುತ್ತಾನೆ.

ಈ ನಾಟಕದ ಹಿರಿಮೆ ಎಲ್ಲಿದೆ? ಇಲ್ಲಿ ಯಯಾತಿ ರಾಕ್ಷಸನಲ್ಲ. ಬದುಕನ್ನು ಬಿಡಲಾರದ ಸಾಮಾನ್ಯ ತಂದೆ. ತನ್ನ ಬಾಳು ಮುಗಿಯಿತೆಂದು ಒಪ್ಪಿಕೊಳ್ಳಲಾಗದೆ ಮಗನ ಬಾಳಿನಲ್ಲಿ ತನ್ನದನ್ನು ಮುಂದುವರಿಸಲು ಹೊರಟವನು. ಪೂರು ಕೂಡ ಸಂತನಲ್ಲ. ಹಿರಿಯರ ಹೆಸರಿನ ಭಾರದಡಿ ತನ್ನದೆಂಬ ಬಾಳನ್ನು ಕಂಡುಕೊಳ್ಳಲಾಗದವನು. ಅವನ ತ್ಯಾಗದಲ್ಲಿ ಪ್ರೀತಿ ಎಷ್ಟೋ, ಬದುಕನ್ನು ಎದುರಿಸುವ ಹೊಣೆಯಿಂದ ತಪ್ಪಿಸಿಕೊಳ್ಳುವ ಬಯಕೆಯೂ ಅಷ್ಟೇ. ನಾವು ವಿಧೇಯತೆ ಎಂದು ಹೊಗಳುವ ಎಲ್ಲವೂ ವಿಧೇಯತೆಯಲ್ಲವೆಂಬ ಕಹಿಸತ್ಯವನ್ನು ನಾಟಕ ಹೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗಂಡಸರಿಬ್ಬರ ಹಟದ ಬೆಲೆಯನ್ನು ಮೂರನೆಯವಳು ತೆರುತ್ತಾಳೆಂಬುದನ್ನು ಅದು ಕಣ್ಣಿಗೆ ಕಟ್ಟಿಸುತ್ತದೆ. ಉಡಿಗಾಲದ "ಅವರವ್ವನ ಕೈಲಿ ಹೇಳಿಸಿವ್ನಿ" ಎಂಬ ಮಾತು ನನ್ನ ಎದೆಗೆ ನಾಟಿದ್ದು ಇದರಿಂದಲೇ. ಇಬ್ಬರ ಕೋಪವನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತು, ದಾರಿಯಲ್ಲಿ ಅದರ ಮೊನೆಯನ್ನು ಮೊಂಡು ಮಾಡಿ ತಲುಪಿಸುವ ಆ ತಾಯಿಯ ಪಾತ್ರ ಯಾವ ನಾಟಕದಲ್ಲಿದೆ? ಆಕೆಗೆ ಏನು ಬೇಕೆಂದು ಆ ಮನೆಯಲ್ಲಿ ಯಾರಾದರೂ ಕೇಳಿದ್ದಾರೆಯೇ?

'ಯಯಾತಿ'ಗೂ ಮಿತಿಯಿದೆ. ಅದು ಹರೆಯದ ಕೋಪದಲ್ಲಿ ಬರೆದ ನಾಟಕ. ತಂದೆಯ ಪಶ್ಚಾತ್ತಾಪಕ್ಕೆ ಒಂದು ಶವವನ್ನು ಬೇಡುತ್ತದೆ. ಕೈಲಾಸಂ ಅವರಿಗೆ ಬೆಂಕಿ, ಕಾರ್ನಾಡರಿಗೆ ಸಾವು. ಬೆಂಕಿಯೂ ಸಾವೂ ಇಲ್ಲದೆ ತಂದೆ-ಮಗ ಒಬ್ಬರನ್ನೊಬ್ಬರು ಕಾಣಲಾರರೇ?

ಇಲ್ಲಿ ನನ್ನ ಸ್ವಂತ ಕಥೆಯನ್ನು ಹೇಳದೆ ಮುಂದೆ ಹೋದರೆ ನಾನು ಪ್ರಾಮಾಣಿಕನಾಗಲಾರೆ. ನನ್ನ ತಂದೆ ಬೇಸಾಯಗಾರರು, ನಾನು ಹಿರಿಯ ಮಗ. ಗುರುಮಠಕ್ಕೆ ಸೇರುತ್ತೇನೆಂದಾಗ ಅವರು ಬೇಡವೆಂದರು. ಆಮೇಲೆ ಬೇಡವೆನ್ನುವುದನ್ನೂ ನಿಲ್ಲಿಸಿದರು. ನಾನು ಹೊರಟ ದಿನ ಹೊಲದಿಂದ ಮನೆಗೆ ಬರಲಿಲ್ಲ. ದೇವರ ಕರೆಗೆ ಅಡ್ಡಬಂದ ತಂದೆಯೆಂದೇ ಅವರನ್ನು ನಾನು ವರ್ಷಗಟ್ಟಲೆ ಭಾವಿಸಿದೆ. ಪ್ರಾರ್ಥನೆಯಲ್ಲಿ ಅವರನ್ನು ಕ್ಷಮಿಸುತ್ತಲೂ ಇದ್ದೆ! ಅವರು ತೀರಿಕೊಂಡ ಮೇಲೆ ಅವ್ವ ಒಂದು ಸಂಜೆ ಸಹಜವಾಗಿ ಹೇಳಿದರು: ನಾನು ಹೋದ ವರ್ಷ ಆಳಿಗೆ ಕೊಡಲು ದುಡ್ಡಿಲ್ಲದೆ ಅಪ್ಪ ಒಬ್ಬರೇ ಉತ್ತರಂತೆ, ಮರುವರ್ಷ ಎತ್ತುಗಳನ್ನು ಮಾರಿ, ಅರ್ಧ ಹೊಲವನ್ನು ವಾರಕ್ಕೆ ಕೊಟ್ಟರಂತೆ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವರ "ಬೇಡ" ಎಂಬ ಮಾತಿನಲ್ಲಿ ಹಿರಣ್ಯಕಶಿಪು ಇರಲಿಲ್ಲ. ಎರಡು ಎತ್ತು, ನಾಲ್ಕು ಹೊಟ್ಟೆಗಳ ಲೆಕ್ಕವಿತ್ತು. ನನ್ನ ಕರೆ ಸುಳ್ಳಾಗಿರಲಿಲ್ಲ, ಅವರ ಲೆಕ್ಕವೂ ಸುಳ್ಳಾಗಿರಲಿಲ್ಲ. ಆದರೆ ಕಥೆಯಲ್ಲಿ ನನಗೆ ಪ್ರಹ್ಲಾದನ ಪಾತ್ರ ಸಿಕ್ಕಿತ್ತು. ಒಳ್ಳೆಯ ಪಾತ್ರ ಸಿಕ್ಕವನು ಎದುರಿಗಿರುವವನ ಮುಖವನ್ನು ನೋಡುವುದಿಲ್ಲ.

ಬೆಂಕಿಯಿಲ್ಲದ, ಸಾವಿಲ್ಲದ ಆ ಕಥೆಯನ್ನು ನಾವೆಲ್ಲರೂ ಬಲ್ಲೆವು. ಸಂತ ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ಅದು. ಅದನ್ನು ದುಂದುಗಾರ ಮಗನ ಕಥೆಯೆಂದು ಕರೆದು, ಅದನ್ನೂ ನಾವು ಎರಡನೆಯ ಅಚ್ಚಿಗೆ ಸುರಿದುಬಿಟ್ಟಿದ್ದೇವೆ: ಕೆಟ್ಟ ಮಗ, ಒಳ್ಳೆಯ ತಂದೆ. ನಾಟಕವನ್ನು ಓದುವಂತೆ ಅದನ್ನು ಮತ್ತೊಮ್ಮೆ ಓದಿ. ಆ ತಂದೆ ಎರಡು ಬಾರಿ ಮನೆಯಿಂದ ಹೊರಗೆ ಬರುತ್ತಾನೆ. ದೂರದಲ್ಲಿ ಕಂಡ ಕಿರಿಯವನಿಗಾಗಿ ಒಮ್ಮೆ ಓಡುತ್ತಾನೆ. ಮುನಿದು ಬಾಗಿಲಾಚೆ ನಿಂತ ಹಿರಿಯವನಿಗಾಗಿ ಇನ್ನೊಮ್ಮೆ ಬರುತ್ತಾನೆ. ಹಿರಿಯವನ ದೂರು ಕಠಿಣವಾದುದು. ಇಷ್ಟು ವರ್ಷ ಆಳಿನಂತೆ ದುಡಿದೆ, ಗೆಳೆಯರೊಡನೆ ಸಂಭ್ರಮಿಸಲು ಒಂದು ಆಡಿನ ಮರಿಯನ್ನೂ ನೀನು ಕೊಡಲಿಲ್ಲ ಎಂದು ಮುಖಕ್ಕೇ ಹೇಳುತ್ತಾನೆ. ತಂದೆ ಆ ಮಾತನ್ನು ಕೊನೆಯವರೆಗೂ ಕೇಳುತ್ತಾನೆ. ಗದರುವುದಿಲ್ಲ, ಸಾಕಿದ ಲೆಕ್ಕವನ್ನು ಮುಂದಿಡುವುದಿಲ್ಲ, ತಾಯಿಯ ಕೈಯಲ್ಲೋ ಆಳಿನ ಕೈಯಲ್ಲೋ ಹೇಳಿಸುವುದಿಲ್ಲ. ತಾನೇ ಅಂಗಳಕ್ಕೆ ಬಂದು ಮಗನೇ ಎಂದು ಕರೆದು ಮಾತನಾಡುತ್ತಾನೆ.

ಆಮೇಲೆ ಏನಾಯಿತು? ಹಿರಿಯ ಮಗ ಒಳಗೆ ಹೋದನೇ? ಸಾಮತಿ ಹೇಳುವುದಿಲ್ಲ. ಇಷ್ಟು ಧೈರ್ಯದ ಅಂತ್ಯ ನಮ್ಮ ಯಾವ ಕೌಟುಂಬಿಕ ನಾಟಕಕ್ಕೂ ಇಲ್ಲ. ತಪ್ಪೊಪ್ಪಿಗೆ, ಕಾಲಿಗೆರಗುವುದು, ಎಲ್ಲರೂ ಒಟ್ಟಾಗಿ ನಿಂತ ಕೊನೆಯ ಚಿತ್ರ, ಯಾವುದೂ ಇಲ್ಲ. ಬಾಗಿಲು ತೆರೆದಿದೆ, ತಂದೆ ಹೊರಗಿದ್ದಾನೆ, ಅಷ್ಟೇ. ರಾಜಿ ಎಂದರೆ ಒಬ್ಬರು ಸೋತು ಇನ್ನೊಬ್ಬರು ಗೆಲ್ಲುವುದಲ್ಲ. ಒಬ್ಬರು ಮೊದಲು ಹೊಸ್ತಿಲು ದಾಟುವುದು. ಮಗ ಒಳಗೆ ಬಂದೇ ಬರುತ್ತಾನೆಂಬ ಭರವಸೆಯಿಲ್ಲದೆಯೂ ದಾಟುವುದು.

ಆದುದರಿಂದ, ಪ್ರಿಯ ಓದುಗರೇ, ಇನ್ನು ಮುಂದೆ ಜಾತ್ರೆಯ ನಾಟಕವನ್ನೋ ಟಿ.ವಿ. ಧಾರಾವಾಹಿಯನ್ನೋ ನೋಡುವಾಗ ಕುಟುಂಬ ಸಮೇತರಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಕಥೆ ನಮ್ಮ ಕೋಪವನ್ನು ಸುಲಭಗೊಳಿಸಲು ಯಾರನ್ನು ರಾಕ್ಷಸನನ್ನಾಗಿ ಮಾಡಿದೆ? ಗಂಡಸರ ಹಟದ ಬೆಲೆಯನ್ನು ಇಲ್ಲಿ ಯಾವ ಹೆಣ್ಣು ತೆರುತ್ತಿದ್ದಾಳೆ? ಬೆಂಕಿ, ಅಪಘಾತ, ಹೃದಯಾಘಾತಗಳನ್ನು ತೆಗೆದುಹಾಕಿದರೆ ಇವರು ಮಾತನಾಡುತ್ತಿದ್ದರೇ? ಈ ಮೂರಕ್ಕೆ ಉತ್ತರ ಹುಡುಕುತ್ತ ಹೋದರೆ ಸಾಧಾರಣ ಕಥೆಯೂ ನಮಗೆ ಪಾಠವಾದೀತು.

ಉಡಿಗಾಲದಲ್ಲಿ ನಾಟಕ ಮುಗಿದಾಗ ಮೂಡಲು ಬೆಳ್ಳಗಾಗುತ್ತಿತ್ತು. ತೊಡೆ ಮುರಿಸಿಕೊಂಡು ಬಿದ್ದಿದ್ದ ದುರ್ಯೋಧನ ಎದ್ದು, ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಬಣ್ಣದ ಮುಖದಲ್ಲೇ ನಮ್ಮ ಬಳಿ ಬಂದ. ತಂದೆ ಬಹಳ ಹೊತ್ತು ಅವನನ್ನು ನೋಡಿದರು. ಬಳಿಕ, ಬೇರೆ ಯಾರ ಕೈಲೂ ಹೇಳಿಸದೆ, "ಬೋರು ಕೊರಸಕ್ಕೆ ಎಷ್ಟಾಯ್ತದಂತೆ?" ಎಂದು ಕೇಳಿದರು. ಅದು ಒಪ್ಪಿಗೆಯಾಗಿರಲಿಲ್ಲ. ಮಗ ತಬ್ಬಿಬ್ಬಾಗಿ ಒಂದು ಮೊತ್ತ ಹೇಳಿದ, ತಂದೆ ಅದು ಹೆಚ್ಚಾಯಿತೆಂದರು, ಮಗ ಅಲ್ಲವೆಂದ. ಅವರಿಬ್ಬರೂ ವಾದಿಸುತ್ತ ಮನೆಯ ಕಡೆಗೆ ನಡೆದರು. ಬಾಗಿಲಲ್ಲಿ ಕಾಯುತ್ತಿದ್ದ ಆ ತಾಯಿಗೆ ಅಂದಾದರೂ ಯಾರ ಮಾತನ್ನೂ ಹೊರುವ ಕೆಲಸವಿರಲಿಲ್ಲ.